ಬೇಗ ಎಂದರೆ ಎಷ್ಟು ದೂರ

ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಸಭೆ ಸೇರುತ್ತಿತ್ತು. ನೂರಿಪ್ಪತ್ತು ಕುರ್ಚಿ, ಒಂದು ಪ್ರಸಂಗಪೀಠ, ಗೋಡೆಯಲ್ಲಿ ಬರಿಯ ಮರದ ಶಿಲುಬೆ. ಎಡಗಡೆಯ ಮೊದಲ ಸಾಲಿನ ಆರು ಕುರ್ಚಿಗಳು ಕಿವಿ ಕೇಳದವರಿಗೆ ಮೀಸಲು. ಅವರೆದುರು ಪ್ರತಿ ಭಾನುವಾರ ಕಪ್ಪು ಬಟ್ಟೆ ತೊಟ್ಟ ಒಬ್ಬಳು ನಿಲ್ಲುತ್ತಿದ್ದಳು. ಬೆರಳುಗಳು ಎದ್ದು ಕಾಣಲಿ ಎಂದು ಕಪ್ಪು. ಪಾಸ್ಟರ್ ಬಾಯಲ್ಲಿ ಹೇಳಿದ್ದನ್ನು ಅವಳು ಕೈಯಲ್ಲಿ ಹೇಳುತ್ತಿದ್ದಳು. ವಾರದ ಉಳಿದ ದಿನಗಳಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಟೀಚರ್.

ಟೀಚರ್ ತಾಯಿ ಹುಟ್ಟಿನಿಂದ ಕಿವುಡಿ. ಹಾಗಾಗಿ ಅವಳಿಗೆ ಮಾತು ಬರುವ ಮೊದಲು ಕೈ ಬಂದಿತ್ತು. ಪಾಸ್ಟರ್ ಆ ತಾಯಿಯ ಸ್ವಂತ ತಮ್ಮ, ಟೀಚರ್‌ಗೆ ಸೋದರಮಾವ. ಅಕ್ಕ ಬದುಕಿರುವಷ್ಟು ದಿನವೂ ಅವರು ಅಕ್ಕನ ಭಾಷೆಯನ್ನು ಸರಿಯಾಗಿ ಕಲಿಯಲಿಲ್ಲ. ಊಟ, ನೀರು, ಬಾ, ಹೋಗು ಎಂಬ ಮನೆಮಟ್ಟಿನ ಸನ್ನೆಗಳಲ್ಲೇ ಕಾಲ ತಳ್ಳಿದರು. ಅಕ್ಕ ತೀರಿಕೊಂಡ ಮರುತಿಂಗಳು ಆರು ಕುರ್ಚಿಗಳಿಗೆ ಚೀಟಿ ಅಂಟಿಸಿ, ಸೋದರಸೊಸೆಯನ್ನು ಕರೆದು, ಇಲ್ಲಿ ನಿಂತು ಹೇಳುತ್ತೀಯಾ ಎಂದು ಕೇಳಿದರು. ಯಾಕೆ ಎಂದು ಅವಳು ಕೇಳಲಿಲ್ಲ. ಅದಾಗಿ ಹನ್ನೊಂದು ವರ್ಷವಾಗಿತ್ತು.

ಆ ವರ್ಷ ಪಾಸ್ಟರ್ ಏಳು ಭಾನುವಾರಗಳ ಪ್ರಸಂಗಮಾಲೆಯೊಂದನ್ನು ಪ್ರಕಟಿಸಿದರು. ವಿಷಯ, ಅಂತ್ಯಕಾಲದ ಪ್ರವಾದನೆಗಳು. ಮೆಟ್ಟಿಲ ಗೋಡೆಯ ಉದ್ದಕ್ಕೂ ಭಿತ್ತಿಪತ್ರ ಅಂಟಿಸಲಾಯಿತು. ಪ್ರತಿ ಗುರುವಾರ ಸಂಜೆ ಅವರು ಮುಂದಿನ ಪ್ರಸಂಗದ ಟಿಪ್ಪಣಿಯನ್ನು ಟೀಚರ್‌ಗೆ ಕೊಡುವುದು ವಾಡಿಕೆ. ಮೊದಲ ಗುರುವಾರವೇ ಅವಳು ಟಿಪ್ಪಣಿಯ ಎರಡನೆಯ ಸಾಲಿನಲ್ಲಿ ಸಿಕ್ಕಿಕೊಂಡಳು.

"ಮಾವ, ಇಲ್ಲಿ 'ಬೇಗ' ಅಂತ ಬರೆದಿದ್ದೀರಿ. ಎಷ್ಟು ಬೇಗ?"

"ಬೇಗ ಅಂದ್ರೆ ಬೇಗ."

"ಕೈಯಲ್ಲಿ ಹೇಳುವಾಗ ಕೈನ ಎಲ್ಲಾದ್ರೂ ನಿಲ್ಲಿಸ್ಬೇಕಲ್ಲ. ಬರೋದೆಲ್ಲ ನಮ್ಮ ಮುಂದುಗಡೆ ಇರುತ್ತೆ. ನಾಳೆ ಅಂದ್ರೆ ಇಲ್ಲಿ." ಅವಳು ಅಂಗೈಯನ್ನು ಎದೆಯ ಹತ್ತಿರ ಹಿಡಿದಳು. ಆಮೇಲೆ ತೋಳನ್ನು ಪೂರ್ತಿ ಚಾಚಿದಳು. "ಮೊಮ್ಮಕ್ಕಳ ಕಾಲಕ್ಕೆ ಅಂದ್ರೆ ಅಲ್ಲಿ."

"ಮಧ್ಯದಲ್ಲೆಲ್ಲೋ ನಿಲ್ಲಿಸು."

"ಮಧ್ಯ ಅಂದ್ರೆ ಒಂದೆರಡು ವರ್ಷ ಅಂತ ಆಗುತ್ತೆ."

"ಹಾಗಂತ ನಾನು ಹೇಳಿಲ್ವಲ್ಲ."

"ನೀವು ಹೇಳಿಲ್ಲ, ಅದಕ್ಕೇ ಕೇಳ್ತಿರೋದು."

ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದು ವರ್ಷದಿಂದ ಮಾಡ್ತಿದ್ದೀಯ. ನಿನಗೆ ನಾನು ಹೇಳ್ಕೊಡ್ಬೇಕಾ? ಏನಾದ್ರೂ ಮಾಡಮ್ಮ."

ಏನಾದರೂ ಮಾಡುವುದು ಅವಳಿಗೆ ಅಭ್ಯಾಸವಾಗಿತ್ತು. ಅವಳು ಕೈಯನ್ನು ಮಧ್ಯದಲ್ಲಿ ನಿಲ್ಲಿಸಿ, ಬೆರಳುಗಳನ್ನು ಸ್ವಲ್ಪ ಅಲುಗಾಡಿಸುವುದೆಂದು ತೀರ್ಮಾನಿಸಿದಳು.

ಮೊದಲ ಭಾನುವಾರ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಪಾಸ್ಟರ್ ಯುದ್ಧಗಳ ಬಗ್ಗೆ ಹೇಳಿದರು, ಬರಗಳ ಬಗ್ಗೆ ಹೇಳಿದರು, ಭೂಮಿ ನಡುಗುವುದರ ಬಗ್ಗೆ ಹೇಳಿದರು. ಇವೆಲ್ಲ ಗುರುತುಗಳು, ಕರ್ತನು ಮತ್ತೆ ಭೂಮಿಗೆ ಬರುವ ಎರಡನೆಯ ಬರೋಣ ಹತ್ತಿರವಾಗಿದೆ ಎಂದರು. ಪ್ರಸಂಗ ಮುಗಿದ ಮೇಲೆ ಎಡಗಡೆಯ ಸಾಲಿನಿಂದ ಮೊದಲು ಎದ್ದವನು ಮೊಳೆ. ಅವನು ಬಡಗಿ. ಕೆಲಸ ಮಾಡುವಾಗ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದ. ಮಾತಿಗೆ ಹೇಗೂ ಬಾಯಿ ಬೇಕಿರಲಿಲ್ಲವಾದ್ದರಿಂದ ಅದು ಅವನಿಗೆ ಡಬ್ಬಿಯಾಗಿತ್ತು. ಹೆಸರೂ ಅದೇ ಆಯಿತು.

"ಯುದ್ಧ ಅಂದ್ಯಲ್ಲ, ಯಾವ್ದು?" ಎಂದು ಅವನ ಕೈ ಕೇಳಿತು. "ನಮ್ಮಜ್ಜ ಹೋಗಿದ್ದನಲ್ಲ ಅದಾ? ಈಗ ಪೇಪರ್‌ನಲ್ಲಿ ಬರ್ತಿರೋದಾ?"

ಟೀಚರ್ ಹೋಗಿ ಪಾಸ್ಟರನ್ನು ಕೇಳಿಕೊಂಡು ಬಂದಳು. "ಎಲ್ಲಾನೂ ಅಂತೆ."

"ಎಲ್ಲಾನೂ ಗುರುತೇ ಆದ್ರೆ ಗುರುತು ಅನ್ನೋದು ಎಲ್ಲಿ ಉಳೀತು? ನಾನು ಹಲಗೆ ಪೂರ್ತಿ ಪೆನ್ಸಿಲ್ ಬಳಿದು ನಿನ್ನ ಕೈಗೆ ಕೊಟ್ಟು, ತಗೋ, ಗುರುತು ಹಾಕಿದ್ದೀನಿ, ಅಲ್ಲೇ ಮೊಳೆ ಹೊಡಿ ಅಂದ್ರೆ ಎಲ್ಲಿ ಹೊಡೀತೀಯ?"

ಸಾಲಿನವರೆಲ್ಲ ನಕ್ಕರು. ನಗದೆ ಕೂತಿದ್ದವಳು ಒಬ್ಬಳೇ, ಹೊಲಿಗೆಯ ಚಿಕ್ಕಮ್ಮ. ಆಕೆ ಟೀಚರ್ ತಾಯಿಯ ಶಾಲಾ ಗೆಳತಿ. ಇಬ್ಬರೂ ಒಂದೇ ಹಾಸ್ಟೆಲ್‌ನಲ್ಲಿ, ಪಕ್ಕಪಕ್ಕದ ಮಂಚದಲ್ಲಿ ಬೆಳೆದವರು. ರಕ್ತಸಂಬಂಧವಿಲ್ಲದಿದ್ದರೂ ಟೀಚರ್ ಚಿಕ್ಕಂದಿನಿಂದ ಚಿಕ್ಕಮ್ಮ ಎಂದೇ ಕರೆದು ರೂಢಿ. ಚಿಕ್ಕಮ್ಮನಿಗೆ ಅರವತ್ತೆರಡು. ಮದುವೆಯಾಗಿರಲಿಲ್ಲ. ಎರಡು ಬೀದಿ ಆಚೆ ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಆಕೆ ಮೊಳೆಯ ಹಾಸ್ಯದತ್ತ ಗಮನ ಕೊಡದೆ ಟೀಚರ್ ಕೈ ನಿಂತಿದ್ದ ಗಾಳಿಯನ್ನೇ ನೋಡುತ್ತಿದ್ದಳು.

ಎರಡನೆಯ ವಾರ ಸಾಲಿನವರು ದೂರು ಕೊಟ್ಟರು. ಈ ಸಲ ನಿನ್ನ ಕೈ ಮಬ್ಬಾಗಿದೆ, ಮೊದಲು ಹೀಗಿರಲಿಲ್ಲ ಎಂದರು. ಟೀಚರ್‌ಗೆ ಅದು ಚುಚ್ಚಿತು. ಅವಳಿಗೆ ತನ್ನ ಕೆಲಸದ ಬಗ್ಗೆ ಅಭಿಮಾನವಿತ್ತು. ಬೇರೆ ಊರುಗಳಿಂದ ಜನ ಬಂದು ಅವಳು ಹೇಳುವ ರೀತಿ ನೋಡಿಕೊಂಡು ಹೋಗುತ್ತಿದ್ದರು. ಮೂರನೆಯ ವಾರದಿಂದ ಅವಳು ಬೆರಳು ಅಲುಗಾಡಿಸುವುದನ್ನು ಬಿಟ್ಟಳು. ಅಂತ್ಯಕಾಲದಲ್ಲಿ ಏಳುವ ಹತ್ತು ಕೊಂಬಿನ ಮೃಗ ಎಂದರೆ ಅದಕ್ಕೊಂದು ಗಾತ್ರ ಕೊಟ್ಟಳು. ಒಂದು ರಾಜ್ಯ ಇನ್ನೊಂದರ ಮೇಲೆ ಏಳುತ್ತದೆ ಎಂದಾಗ ಒಂದನ್ನು ಬಲಗಡೆ, ಇನ್ನೊಂದನ್ನು ಎಡಗಡೆ ಇಟ್ಟಳು. 'ಬೇಗ' ಎಂಬುದಕ್ಕೆ ಯಾವ ದೂರ ಎಂದು ಯಾರೂ ಹೇಳದಿದ್ದಾಗ ಅವಳು ಪಾಸ್ಟರ್ ದನಿಯನ್ನೇ ಅಳತೆಗೋಲು ಮಾಡಿಕೊಂಡಳು. ದನಿ ಏರಿದಷ್ಟೂ ಕೈ ಹತ್ತಿರ ಬಂತು.

ನಾಲ್ಕನೆಯ ಭಾನುವಾರದ ಹಿಂದಿನ ದಿನ ದೂರದ ಯಾವುದೋ ದೇಶದಲ್ಲಿ ಭೂಕಂಪವಾಗಿತ್ತು. ಪಾಸ್ಟರ್ ಪತ್ರಿಕೆಯನ್ನು ಪೀಠದ ಮೇಲೆ ಎತ್ತಿ ತೋರಿಸಿದರು. ಅವರ ದನಿ ಏರುತ್ತಿತ್ತು, ಮುಂದಿನ ಸಾಲಿನಲ್ಲಿ ಇಬ್ಬರು ಅಳುತ್ತಿದ್ದರು. ಬೇಗ, ಬೇಗ, ಬೇಗ ಎಂದು ಅವರು ಮೂರು ಸಲ ಹೇಳಿದರು. ಮೂರನೆಯ ಸಲ ಟೀಚರ್ ಅಂಗೈ ಅವಳ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ಅವಳು ಬೇಕೆಂದು ಮಾಡಿದ್ದಲ್ಲ. ಆ ಕ್ಷಣಕ್ಕೆ ಅದು ಸರಿಯಾದ ಅನುವಾದ ಎಂದೇ ಅವಳಿಗೆ ಅನಿಸಿತ್ತು.

ಬುಧವಾರ ಶಾಲೆಯ ಬಿಡುವಿನಲ್ಲಿ ಅವಳಿಗೆ ಕಣ್ಣಿನ ಆಸ್ಪತ್ರೆಯಿಂದ ಫೋನ್ ಬಂತು. ಚಿಕ್ಕಮ್ಮನ ಕಾರ್ಡಿನ ಮೇಲೆ ಇದ್ದದ್ದು ಅವಳ ನಂಬರು.

"ನಿಮ್ಮವರಿಗೆ ಸೋಮವಾರ ಆಪರೇಷನ್ ಇತ್ತು. ಬರಲೇ ಇಲ್ಲ."

ಚಿಕ್ಕಮ್ಮನ ಎರಡೂ ಕಣ್ಣುಗಳ ಒಳಗಿನ ಒತ್ತಡ ಏರುತ್ತಾ ಬಂದು ವರ್ಷವಾಗಿತ್ತು. ಬಲಗಣ್ಣು ಔಷಧಿಯ ಹನಿಗೆ ಬಗ್ಗಿತು, ಎಡಗಣ್ಣು ಬಗ್ಗಲಿಲ್ಲ. ಈ ಕಾಯಿಲೆಯಲ್ಲಿ ನೋಟ ಅಂಚಿನಿಂದ ಸವೆಯುತ್ತದೆ, ಹೋದದ್ದು ಮರಳುವುದಿಲ್ಲ. ಆಪರೇಷನ್ನಿನ ಸರದಿಗಾಗಿ ಆಕೆ ಮೂರು ತಿಂಗಳು ಕಾದಿದ್ದಳು. ಕಿವಿ ಕೇಳದವರಿಗೆ ಕಣ್ಣೇ ಕಿವಿಯೂ ಹೌದು ಎಂಬುದನ್ನು ಟೀಚರ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆ ಬಿಟ್ಟವಳೇ ಅಂಗಡಿಗೆ ಹೋದಳು.

ಅಂಗಡಿಯ ಬಾಗಿಲ ಗುಂಡಿ ಒತ್ತಿದರೆ ಒಳಗೆ ಗಂಟೆಯ ಬದಲು ಮೂರು ಬಲ್ಬು ಮಿನುಗುತ್ತವೆ. ಚಿಕ್ಕಮ್ಮ ಬಾಗಿಲು ತೆರೆದಳು. ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಗಂಟುಗಳು ಸಾಲಾಗಿದ್ದವು. ಒಂದೊಂದಕ್ಕೂ ಗಿರಾಕಿಯ ಹೆಸರಿನ ಚೀಟಿಯನ್ನು ಗುಂಡುಸೂಜಿಯಲ್ಲಿ ಚುಚ್ಚಲಾಗಿತ್ತು. ಯಾವುದಕ್ಕೂ ಕತ್ತರಿ ತಾಗಿರಲಿಲ್ಲ.

"ಏನಿದೆಲ್ಲ?" ಎಂದು ಟೀಚರ್ ಕೈಯಲ್ಲಿ ಕೇಳಿದಳು.

"ವಾಪಸ್ ಕೊಡ್ತಿದ್ದೀನಿ. ಅರ್ಧಕ್ಕೆ ಬಿಟ್ರೆ ಅವರ ಬಟ್ಟೆ ಹಾಳಾಗುತ್ತೆ."

"ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?"

"ಅಲ್ಲಿ ಒಬ್ಬಳು ಕಾಯ್ತಿದ್ದಳು. ಸಣ್ಣ ವಯಸ್ಸು, ಎರಡು ಮಕ್ಕಳಿದ್ದಾವೆ. ನನ್ನ ಸರದಿ ಅವಳಿಗೆ ಕೊಡಿ ಅಂತ ಭಾನುವಾರ ಸಂಜೆಯೇ ಬರೆದು ಕೊಟ್ಟು ಬಂದೆ. ಆ ಚೀಟಿ ಎಲ್ಲೋ ಕಳೆದಿರ್ಬೇಕು."

"ನಿಮ್ಮ ಕಣ್ಣು?"

"ಇನ್ನೆಷ್ಟು ದಿನಕ್ಕೆ?"

ಟೀಚರ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಚಿಕ್ಕಮ್ಮ ತನ್ನ ಅಂಗೈಯನ್ನು ಎದೆಯ ಮುಂದೆ ಹಿಡಿದು, ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ಎದೆಗೂ ಅಂಗೈಗೂ ನಡುವೆ ಹಿಡಿದಳು.

"ನಿನ್ನ ಕೈ ಮೊದಲನೇ ವಾರ ಇಲ್ಲಿತ್ತು. ಮೂರನೇ ವಾರ ಇಲ್ಲಿ. ಮೊನ್ನೆ ಭಾನುವಾರ ಇಲ್ಲಿ. ನಾನು ನಲವತ್ತು ವರ್ಷ ಅಳತೆ ತೆಗೆದವಳು, ನನಗೆ ತಪ್ಪಲ್ಲ. ಇಷ್ಟು ಅಂದ್ರೆ ಒಂದು ತಿಂಗಳೂ ಇಲ್ಲ."

"ಚಿಕ್ಕಮ್ಮ, ಅದು ನಂದು ತಪ್ಪು. ಮಾವ ಅಷ್ಟು ಅಂತ ಹೇಳ್ಲಿಲ್ಲ."

"ಮತ್ತೆ ಎಷ್ಟು ಅಂದ?"

"ಎಷ್ಟು ಅಂತಾನೂ ಹೇಳ್ಲಿಲ್ಲ."

"ಎಷ್ಟು ಅಂತ ಹೇಳ್ದೆ ಬೇಗ ಅಂತ ಹೇಗೆ ಹೇಳ್ತಾನೆ?"

ಬಾಯಿಯ ಭಾಷೆಯಲ್ಲಿ ಹಾಗೆ ಹೇಳಬಹುದು ಎಂದು ಟೀಚರ್ ವಿವರಿಸಲು ನೋಡಿದಳು. ಯಾವ ಜಾಗದಲ್ಲೂ ನಿಲ್ಲಿಸದೆ, ಮಾತನ್ನು ಹಾಗೇ ಬಿಟ್ಟುಬಿಡಬಹುದು ಎಂದಳು. ಚಿಕ್ಕಮ್ಮ ಅವಳ ಕೈಗಳನ್ನು ಕೊನೆತನಕ ನೋಡಿದ ಮೇಲೆ ಗಂಟುಗಳನ್ನು ಜೋಡಿಸುವ ಕೆಲಸಕ್ಕೆ ಮರಳಿದಳು. ಟೀಚರ್ ಭುಜ ತಟ್ಟಿದಾಗ ಒಂದೇ ಮಾತು ಹೇಳಿದಳು.

"ನೀನು ನಿನ್ನ ಮಾತು ವಾಪಸ್ ತಗೊಂಡ್ರೆ ಆಗಲ್ಲ. ಮಾತು ನಿಂದಲ್ಲ. ಅವನನ್ನ ಕೇಳ್ಕೊಂಡು ಬಾ."

ಮರುದಿನ ಗುರುವಾರ. ಪಾಸ್ಟರ್ ಕೋಣೆಯಲ್ಲಿ ಕೆಳಗಿನ ಅಂಗಡಿಯ ಬಣ್ಣದ ವಾಸನೆ ತುಂಬಿತ್ತು. ಅವರು ಐದನೆಯ ವಾರದ ಟಿಪ್ಪಣಿಯನ್ನು ಮುಂದೆ ಚಾಚಿದರು. ಟೀಚರ್ ಅದನ್ನು ತೆಗೆದುಕೊಳ್ಳದೆ ನಡೆದದ್ದನ್ನೆಲ್ಲ ಹೇಳಿದಳು. ಪಾಸ್ಟರ್ ಟಿಪ್ಪಣಿಯನ್ನು ಮೇಜಿನ ಮೇಲೆ ಇಟ್ಟರು.

"ಆಪರೇಷನ್ ಬಿಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ?"

"ಇಲ್ಲ. ಮಾಡಿಸ್ಕೊಳ್ಳಿ ಅಂತಾನೂ ಹೇಳಿಲ್ಲ. ಯಾವ್ದೂ ಹೇಳಿಲ್ಲ ನೀವು. ಮಾವ, ಒಂದು ಕೆಲಸ ಮಾಡಿ. ನಿಮ್ಮ ಕೈಯಲ್ಲೇ ತೋರ್ಸಿ. ಬೇಗ ಅಂದ್ರೆ ಎಷ್ಟು?"

ಅವರು ಬಲಗೈ ಎತ್ತಿದರು. ಅರ್ಧ ಚಾಚಿ, ಹಿಂದಕ್ಕೆ ಎಳೆದು, ಪುನಃ ಪೂರ್ತಿ ಚಾಚಿದರು. ಕೊನೆಗೆ ಕೈಯನ್ನು ಮೇಜಿನ ಮೇಲೆ ಇಳಿಸಿದರು.

"ಅದು ಹಾಗೆ ಅಳೆಯೋ ವಿಷಯ ಅಲ್ಲ ಕಣಮ್ಮ. ಅಸ್ಪಷ್ಟವಾಗಿ ಇರೋದೇ ಅದರ ಕರುಣೆ. ದಿನಾಂಕ ಗೊತ್ತಿದ್ರೆ ಜನ ಹಿಂದಿನ ದಿನದವರೆಗೂ ಹೇಗೆ ಬೇಕೋ ಹಾಗೆ ಇರ್ತಾರೆ. ಗೊತ್ತಿಲ್ಲದೆ ಇದ್ರೆ ಪ್ರತಿಯೊಂದು ತಲೆಮಾರೂ ಇದು ನಮಗೇ ಹೇಳಿದ್ದು ಅಂತ ಓದುತ್ತೆ."

"ಎಲ್ಲಾ ತಲೆಮಾರಿಗೂ ಹೊಂದೋ ಮಾತು ಯಾವ ತಲೆಮಾರಿನ ಬಗ್ಗೆಯೂ ಏನೂ ಹೇಳಿದ ಹಾಗೆ ಆಗ್ಲಿಲ್ವಲ್ಲ."

ಪಾಸ್ಟರ್ ಎದ್ದರು. ಬೈಯುತ್ತಾರೇನೋ ಎಂದು ಅವಳು ಅಂದುಕೊಂಡಳು. ಅವರು ಕಪಾಟಿನ ಕೆಳಗಿನ ಖಾನೆಯಿಂದ ಮೂರು ದಪ್ಪ ನೋಟ್‌ಬುಕ್ಕುಗಳನ್ನು ತೆಗೆದು ಅವಳ ಮುಂದೆ ಇಟ್ಟರು. ಮೂವತ್ತು ವರ್ಷಗಳ ಟಿಪ್ಪಣಿ, ನಡುನಡುವೆ ಅಂಟಿಸಿದ ಪತ್ರಿಕೆಯ ತುಣುಕುಗಳು. ಮೊದಲ ಪುಸ್ತಕದಲ್ಲಿ ಮೃಗದ ಹತ್ತು ಕೊಂಬುಗಳೆಂದರೆ ಹತ್ತು ದೇಶಗಳ ಒಂದು ಒಕ್ಕೂಟ. ಆಮೇಲೆ ಅದಕ್ಕೆ ಇನ್ನೆರಡು ದೇಶ ಸೇರಿ ಲೆಕ್ಕ ತಪ್ಪಿತ್ತು. ಆ ಪುಟಕ್ಕೆ ಅಡ್ಡಗೆರೆ ಬಿದ್ದಿತ್ತು. ಎರಡನೆಯದರಲ್ಲಿ ಹತ್ತು ದೊಡ್ಡ ಕಂಪನಿಗಳು, ಅದಕ್ಕೂ ಅಡ್ಡಗೆರೆ. ಕೊಳ್ಳುವವರ, ಮಾರುವವರ ಮೇಲೆಲ್ಲ ಬೀಳುವ ಮೃಗದ ಮುದ್ರೆ ಒಮ್ಮೆ ಸೋಪಿನ ಪೊಟ್ಟಣದ ಮೇಲಿನ ಕಪ್ಪು ಗೆರೆಗಳಾಗಿತ್ತು, ಆಮೇಲೆ ಬ್ಯಾಂಕಿನ ಕಾರ್ಡು, ಈಗ ಫೋನು.

"ಮುಚ್ಚುಮರೆ ಏನಿಲ್ಲ," ಎಂದರು ಪಾಸ್ಟರ್. "ನಾನು ತಪ್ಪಿದ್ದೀನಿ, ಒಂದಲ್ಲ ಮೂರು ಸಲ. ಆದ್ರೆ ದೇವರ ವಾಕ್ಯ ತಪ್ಪಲಿಲ್ಲ."

"ತಪ್ಪೋಕೆ ಅದಕ್ಕೆ ಸಾಧ್ಯಾನೇ ಇಲ್ವಲ್ಲ ಮಾವ. ನೀವು ತಪ್ಪಿದ್ರಿ ಅಂತ ಗೊತ್ತಾಗಿದ್ದು ಯಾಕೆ? ಹತ್ತು ಅಂದ್ರೆ ಈ ಹತ್ತು ಅಂತ ಬೆರಳಿಟ್ಟು ತೋರ್ಸಿದ್ದಕ್ಕೆ. ಬೆರಳಿಡದೆ ಇದ್ರೆ ಇವತ್ತಿಗೂ ಸರಿಯಾಗೇ ಇರ್ತಿದ್ರಿ."

ಅವರು ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಜೋಡಿಸಿದರು. ಆಮೇಲೆ ಹೇಳಿದರು, "ಒಬ್ಬ ಅಪ್ಪ ದೂರದೂರಿಗೆ ಹೊರಡ್ತಾನೆ. ಯಾವತ್ತು ಅಂತ ಹೇಳಲ್ಲ. ಬರ್ತೀನಿ ಅಂತ ಮಾತ್ರ ಹೇಳ್ತಾನೆ. ಆ ಮಾತಿಗೆ ಅರ್ಥಾನೇ ಇಲ್ವಾ?"

"ಇದೆ. ಅಷ್ಟನ್ನೇ ಹೇಳಿ, ನಾನು ಕಣ್ಣುಮುಚ್ಚಿಕೊಂಡು ಕೈಯಲ್ಲಿ ಹೇಳ್ತೀನಿ. ಆದ್ರೆ ನೀವು ಬಾಗಿಲಲ್ಲಿ ನಿಂತ್ಕೊಂಡು, ಅಗೋ ಧೂಳೆದ್ದಿದೆ, ಅಪ್ಪಾನೇ ಬರ್ತಿರೋದು ಅಂತ ಮೂವತ್ತು ವರ್ಷದಿಂದ ಕೂಗ್ತಿದ್ದೀರಿ. ಒಳಗೆ ಮಕ್ಕಳು ಒಲೆ ಆರಿಸಿ ಕೂತಿದ್ದಾರೆ."

ಅವಳು ಟಿಪ್ಪಣಿ ತೆಗೆದುಕೊಳ್ಳದೆ ಎದ್ದಳು. ಪಾಸ್ಟರ್ ಬಾಗಿಲ ತನಕ ಬಂದು, ಶನಿವಾರ ಬೆಳಿಗ್ಗೆ ಹೊಲಿಗೆ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿದರು.

ಶನಿವಾರ ಹತ್ತಕ್ಕೆ ಅಂಗಡಿಯ ಮೂರು ಬಲ್ಬುಗಳು ಮಿನುಗಿದವು. ಚಿಕ್ಕಮ್ಮ ಇಬ್ಬರನ್ನೂ ಒಳಗೆ ಕರೆದು, ಪಾಸ್ಟರನ್ನು ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂರಿಸಿದಳು. ಊರಿಗೆಲ್ಲ ಪಾಸ್ಟರ್ ಆದರೂ ಆಕೆಗೆ ಆತ ಗೆಳತಿಯ ತಮ್ಮ, ರಜೆಯಲ್ಲಿ ಅಕ್ಕನನ್ನು ಕರೆದೊಯ್ಯಲು ತಂದೆಯ ಜೊತೆ ಹಾಸ್ಟೆಲಿಗೆ ಬರುತ್ತಿದ್ದ ಚಡ್ಡಿಯ ಹುಡುಗ. ಪಾಸ್ಟರ್ ಬಾಯಿ ತೆರೆದರು, ಟೀಚರ್ ಕೈ ಎತ್ತಿದಳು. ಚಿಕ್ಕಮ್ಮ ಅವಳ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ನನ್ನ ಪ್ರಶ್ನೆ ಅವನಿಗೆ ನೀನು ಹೇಳು. ಉತ್ತರ ಅವನ ಕೈಯಿಂದಾನೇ ಬರ್ಲಿ. ನಿನ್ನ ಕೈ ಬೇಡ."

ಟೀಚರ್ ಇದನ್ನು ಮಾವನಿಗೆ ಹೇಳಿದಳು. ಅವರು ತಲೆಯಾಡಿಸಿದರು.

ಚಿಕ್ಕಮ್ಮನ ಪ್ರಶ್ನೆ ಚಿಕ್ಕದಾಗಿತ್ತು. "ಆ ದಿನ ಈ ವರ್ಷದೊಳಗೆ ಬರುತ್ತಾ, ಇಲ್ವಾ?"

ಪಾಸ್ಟರ್ ತಮ್ಮ ಕೈಗಳನ್ನು ನೋಡಿಕೊಂಡರು. ಮೂವತ್ತು ವರ್ಷ ಪೀಠದ ಮೇಲೆ ಬೀಸಿದ ಕೈಗಳು ಈಗ ತೊಡೆಯ ಮೇಲೆ ಪೆಚ್ಚಾಗಿ ಕೂತಿದ್ದವು. ಅವರು ಎರಡೂ ಅಂಗೈಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಹೊರಕ್ಕೆ ತಿರುಗಿಸಿ, ಕೆಳತುಟಿಯನ್ನು ಮುಂದಕ್ಕೆ ಚಾಚಿದರು. ಶಾಲೆಗಳಲ್ಲಿ ಕಲಿಸುವ ಸನ್ನೆಯಲ್ಲ ಅದು. ಚಿಕ್ಕಂದಿನಲ್ಲಿ ಅಡಿಗೆಮನೆಯ ಡಬ್ಬಿ ಖಾಲಿಯಾದಾಗ, ಯಾರು ತಿಂದಿದ್ದು ಎಂದು ಅಮ್ಮ ಕೇಳಿದರೆ ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಮಾಡುತ್ತಿದ್ದ ಸನ್ನೆ. ನನಗೆ ಗೊತ್ತಿಲ್ಲ.

ಚಿಕ್ಕಮ್ಮ ಅದನ್ನು ಗುರುತಿಸಿದಳು. ಆ ಅಕ್ಕ ಅದನ್ನು ಹಾಸ್ಟೆಲಿಗೂ ತಂದಿದ್ದಳು, ವಾರ್ಡನ್ ಎದುರು ಎಲ್ಲ ಹುಡುಗಿಯರೂ ಅದನ್ನು ಬಳಸಿದ್ದರು. ಆಕೆಯ ಮುಖ ಸಡಿಲವಾಯಿತು. ಆದರೆ ಅಷ್ಟಕ್ಕೇ ಬಿಡಲಿಲ್ಲ.

"ಮುಂದಿನ ವರ್ಷ?"

ಅದೇ ಸನ್ನೆ.

"ನೂರು ವರ್ಷ ಬಿಟ್ಟು?"

ಅದೇ ಸನ್ನೆ.

"ಇದನ್ನ ಹೇಳೋಕೆ ನಾಲ್ಕು ಭಾನುವಾರ ಬೇಕಾಯ್ತಾ?"

ಇದಕ್ಕೆ ಪಾಸ್ಟರ್ ಬಳಿ ಸನ್ನೆ ಇರಲಿಲ್ಲ. ಅವರು ಬಾಯಿಯಲ್ಲೇ ಹೇಳಿದರು, ಚಿಕ್ಕಮ್ಮನ ಒಪ್ಪಿಗೆ ಪಡೆದು ಟೀಚರ್ ಕೈಯಲ್ಲಿ ಹೇಳಿದಳು. "ಅದರಲ್ಲಿ ನನಗೆ ಖಂಡಿತ ಗೊತ್ತಿರೋದು ಒಂದೇ. ಎಚ್ಚರವಾಗಿರಿ ಅನ್ನೋದು. ಉಳಿದದ್ದೆಲ್ಲ ನಾನು ಸೇರಿಸಿದ್ದು."

"ಎಚ್ಚರವಾಗಿರೋಕೆ ಕಣ್ಣು ಬೇಕು," ಎಂದಳು ಚಿಕ್ಕಮ್ಮ. ಗುಂಡಿಗಳ ಡ್ರಾಯರಿನಿಂದ ಆಸ್ಪತ್ರೆಯ ಕಾರ್ಡು ತೆಗೆದು ಟೀಚರ್ ಕೈಗಿಟ್ಟು, ಫೋನ್ ಮಾಡು ಎಂದಳು.

ಆಸ್ಪತ್ರೆಯವರು ಏಳು ವಾರಗಳ ನಂತರದ ದಿನ ಕೊಟ್ಟರು.

ಮರುದಿನ ಐದನೆಯ ಭಾನುವಾರ. ಪಾಸ್ಟರ್ ಟಿಪ್ಪಣಿಯ ಬದಲು ಮೂರು ನೋಟ್‌ಬುಕ್ಕುಗಳನ್ನು ಪೀಠಕ್ಕೆ ತಂದರು. ಅಡ್ಡಗೆರೆ ಬಿದ್ದ ಪುಟಗಳನ್ನು ಒಂದೊಂದಾಗಿ ಓದಿದರು. ಸೋಪಿನ ಪೊಟ್ಟಣದ ಭಾಗಕ್ಕೆ ಬಂದಾಗ ಕೆಲವರು ನಕ್ಕರು, ಹಳಬರು ನಗಲಿಲ್ಲ, ಅವರು ಆ ಕಾಲದಲ್ಲಿ ಸೋಪು ಬದಲಾಯಿಸಿದ್ದವರು. ಕೊನೆಯಲ್ಲಿ ಪಾಸ್ಟರ್ ಹೇಳಿದರು: "ಬರ್ತಾನೆ ಅನ್ನೋದನ್ನ ನಾನು ಇವತ್ತೂ ನಂಬ್ತೀನಿ. ಯಾವ ಗುರುತಿನಿಂದ ತಿಳ್ಕೊಳ್ಳೋದು ಅಂದ್ರೆ ನನಗೆ ಗೊತ್ತಿಲ್ಲ. ಗೊತ್ತಿರೋ ಹಾಗೆ ಮಾತಾಡಿ ಒಬ್ಬರಿಗೆ ನೋವು ಮಾಡಿದ್ದೀನಿ. ಇನ್ನೆರಡು ವಾರದ ಪ್ರಸಂಗ ಇರಲ್ಲ."

ಮೆಟ್ಟಿಲಿಳಿಯುವಾಗ ಹಿರಿಯರೊಬ್ಬರು ಅವರ ಕೈ ಹಿಡಿದುಕೊಂಡು, "ಪಾಸ್ಟರ್, ನಿಮ್ಮ ನಂಬಿಕೆ ಸಡಿಲ ಆಗ್ತಿದೆ, ನಿಮಗಾಗಿ ಪ್ರಾರ್ಥನೆ ಮಾಡ್ತೀನಿ," ಎಂದರು. ಮುಂದಿನ ತಿಂಗಳೊಳಗೆ ನಾಲ್ಕು ಕುಟುಂಬಗಳು ಬೇರೆ ಸಭೆಗೆ ಹೋದವು. ಅಲ್ಲಿ ಹತ್ತು ಕೊಂಬುಗಳ ಬಗ್ಗೆ ಯಾವ ಅನುಮಾನವೂ ಇರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಟೀಚರ್ ಚಿಕ್ಕಮ್ಮನ ಜೊತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಳು. ಅವಳು ಏಳು ವಾರಗಳಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಚಿಕ್ಕಮ್ಮ ಅದನ್ನು ಗಮನಿಸಿದ್ದಳು.

"ನಿನ್ನದೊಂದೇ ತಪ್ಪಲ್ಲ," ಎಂದಳು. "ನಿನ್ನ ಕೈ ಅಷ್ಟು ಹತ್ತಿರ ಬಂದಿದ್ದು ನನಗೆ ಇಷ್ಟ ಆಯ್ತು."

"ಯಾಕೆ?"

"ಕತ್ತಲಾಗೋಕೆ ಮುಂಚೆ ಎಲ್ಲಾ ಮುಗಿದುಹೋದ್ರೆ ಒಳ್ಳೇದು ಅಂತ ಆಸೆ ಇತ್ತು. ಕಿವಿಯೂ ಇಲ್ಲ, ಕಣ್ಣೂ ಇಲ್ಲ ಅಂತಾದ್ರೆ ನಾನು ಯಾರ ಹತ್ತಿರ ಮಾತಾಡ್ಲಿ? ಮೊಳೆಗೆ ಅಂಥ ಹೆದರಿಕೆ ಇಲ್ಲ, ಅದಕ್ಕೇ ಅವನು ತಮಾಷೆ ಮಾಡ್ದ. ಅದೇ ಪ್ರಸಂಗ ಇಬ್ಬರೂ ನೋಡಿದ್ದು. ಅವನಿಗೆ ಏನೂ ಕಾಣ್ಲಿಲ್ಲ, ನನಗೆ ತಾರೀಖು ಕಾಣ್ತು."

ಒಳಗೆ ಕರೆದರು. ಡಾಕ್ಟರಮ್ಮ ಚುರುಕಿನ ಹೆಂಗಸು. ಕಣ್ಣು ನೋಡಿ, ಟೀಚರ್ ಕಡೆ ತಿರುಗದೆ ಚಿಕ್ಕಮ್ಮನನ್ನೇ ನೋಡುತ್ತಾ ಹೇಳಿದರು. "ಈಗ ಒತ್ತಡ ಮೂವತ್ತೆರಡು ಇದೆ. ಮೂರು ತಿಂಗಳಲ್ಲಿ ಇಪ್ಪತ್ತಕ್ಕಿಂತ ಕೆಳಗೆ ಇಳೀಬೇಕು. ಇಳೀದಿದ್ರೆ ನನ್ನ ಆಪರೇಷನ್ ಕೆಲಸ ಮಾಡ್ಲಿಲ್ಲ ಅಂತ ಅರ್ಥ. ಹತ್ತು ಜನರಲ್ಲಿ ಇಬ್ಬರಿಗೆ ಹಾಗಾಗುತ್ತೆ."

ಟೀಚರ್ ಇದನ್ನು ಕೈಯಲ್ಲಿ ಹೇಳಿದಳು. ಅಂಕಿ, ತಿಂಗಳು, ಹತ್ತರಲ್ಲಿ ಎರಡು, ಎಲ್ಲಕ್ಕೂ ಜಾಗವಿತ್ತು. ಚಿಕ್ಕಮ್ಮ ಡಾಕ್ಟರಮ್ಮನನ್ನು ಮೇಲಿಂದ ಕೆಳಗೆ ನೋಡಿ ಟೀಚರ್‌ಗೆ ಹೇಳಿದಳು, "ಇವಳು ತಪ್ಪಿದ್ರೆ ನನಗೆ ಗೊತ್ತಾಗುತ್ತೆ. ಮಾಡ್ಲಿ."

"ಏನಂದ್ರು?" ಎಂದು ಡಾಕ್ಟರಮ್ಮ ಕೇಳಿದರು.

"ಒಪ್ಪಿಗೆ ಅಂದ್ರು," ಎಂದಳು ಟೀಚರ್.

ಮೂರು ತಿಂಗಳಿಗೆ ಒತ್ತಡ ಹದಿನೇಳಕ್ಕೆ ಇಳಿಯಿತು. ಡಾಕ್ಟರಮ್ಮ ತಪ್ಪಲಿಲ್ಲ. ಆದರೆ ಎಡಗಣ್ಣಿನ ಹೊರ ಅಂಚಿನ ನೋಟ ಹೋಗಿತ್ತು. ಎಡಗಡೆ ಯಾರಾದರೂ ನಿಂತು ಕೈಯಾಡಿಸಿದರೆ ಚಿಕ್ಕಮ್ಮನಿಗೆ ತಿಳಿಯುತ್ತಿರಲಿಲ್ಲ. ಮೊದಲಿನ ದಿನವೇ ಮಾಡಿಸಿದ್ದರೆ ಉಳಿಯುತ್ತಿತ್ತೇ ಎಂದು ಟೀಚರ್ ಕೇಳಿದಳು. ಆ ಪ್ರಶ್ನೆ ಅವಳದೇ, ಅದನ್ನು ಅವಳು ಕೈಯಲ್ಲಿ ಹೇಳಲಿಲ್ಲ.

"ಏಳೆಂಟು ವಾರದಲ್ಲಿ ಅಷ್ಟೊಂದು ಹೋಗಿರಲಾರದು. ಸ್ವಲ್ಪ ಹೋಗಿರ್ಬಹುದು. ಎಷ್ಟು ಅಂತ ನನಗೆ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ.

ಅವಳು ಆ ಉತ್ತರವನ್ನು ಮನೆಗೆ ಹೊತ್ತು ತಂದಳು. ಅದನ್ನು ಯಾರಿಗೂ ಅನುವಾದಿಸಲಿಲ್ಲ.

ಭಾನುವಾರದ ಕೆಲಸವನ್ನು ಅವಳು ಬಿಡಲಿಲ್ಲ. ಬಿಡುತ್ತಾಳೆಂದು ಪಾಸ್ಟರ್ ಹೆದರಿದ್ದರು. ಆ ಪ್ರವಾದನೆಗಳಲ್ಲಿ ಅವಳಿಗೆ ಉಳಿದ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಅವಳು ಬಿಟ್ಟರೆ ಆರು ಕುರ್ಚಿಗಳವರು ಬರಿಯ ತುಟಿ ನೋಡುತ್ತಾ ಕೂರಬೇಕಾಗುತ್ತಿತ್ತು. ಅವಳು ಒಂದನ್ನು ಮಾತ್ರ ಬದಲಾಯಿಸಿಕೊಂಡಳು. ಜಾಗವಿಲ್ಲದ ಮಾತು ಬಂದಾಗ ತಾನಾಗಿ ಜಾಗ ಕೊಡುವುದನ್ನು ನಿಲ್ಲಿಸಿ, 'ಪಾಸ್ಟರ್ ಹೀಗೆ ಹೇಳುತ್ತಿದ್ದಾರೆ, ಎಷ್ಟು ಎಂದು ಹೇಳಿಲ್ಲ' ಎಂದು ಪೂರ್ತಿ ವಾಕ್ಯ ಮಾಡುತ್ತಿದ್ದಳು. ಇದರಿಂದ ಅವಳು ಮಾವನಿಗಿಂತ ಎರಡು ಮೂರು ವಾಕ್ಯ ಹಿಂದೆ ಬೀಳುತ್ತಿದ್ದಳು. ಅವರು ಕಾಯುವುದನ್ನು ಕಲಿತರು. ಕೆಲವೊಮ್ಮೆ ಕಾಯುತ್ತಿರುವಾಗಲೇ ಅವರಿಗೆ ತಾವು ಆಗತಾನೆ ಹೇಳಿದ್ದು ಬೇಡವಾಗಿತ್ತು ಎನಿಸುತ್ತಿತ್ತು. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಚಿಕ್ಕಮ್ಮ ಮತ್ತೆ ಬಟ್ಟೆ ಕತ್ತರಿಸತೊಡಗಿದಳು. ವಾಪಸ್ ಕೊಟ್ಟ ಗಂಟುಗಳಲ್ಲಿ ಅರ್ಧದಷ್ಟು ತಿರುಗಿ ಬಂದವು. ಮೊಳೆ ಬಂದು ಕತ್ತರಿಸುವ ಮೇಜನ್ನು ಆಕೆಯ ಬಲಗಣ್ಣಿಗೆ ಬೆಳಕು ಬೀಳುವ ಹಾಗೆ ತಿರುಗಿಸಿ ಜೋಡಿಸಿದ. ಎಲ್ಲಿ ನಿಲ್ಲಿಸಬೇಕೆಂದು ಆಕೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ನಾಲ್ಕು ಚುಕ್ಕೆ ಇಟ್ಟಿದ್ದಳು. ಅವನು ಚುಕ್ಕೆಗಳನ್ನು ನೋಡಿ, ಗುರುತು ಅಂದರೆ ಇವು ಎಂದು ಮೆಚ್ಚಿಕೊಂಡ.

ಗುರುವಾರ ಸಂಜೆಗಳಲ್ಲಿ ಪಾಸ್ಟರ್ ಈಗ ಹೊಲಿಗೆ ಅಂಗಡಿಗೆ ಬರುತ್ತಿದ್ದರು. ಅರವತ್ತರ ಮೇಲೆ ಭಾಷೆ ಕಲಿಯುವುದು ಸುಲಭವಲ್ಲ. ಅವರ ಬೆರಳುಗಳು ಒರಟು, ಮುಖ ಅದಕ್ಕಿಂತ ಒರಟು. ಅವರು ತಪ್ಪು ಮಾಡಿದಾಗಲೆಲ್ಲ ಚಿಕ್ಕಮ್ಮ ಅಳತೆಪಟ್ಟಿಯಿಂದ ಅವರ ಮಣಿಕಟ್ಟಿಗೆ ಹೊಡೆಯುತ್ತಿದ್ದಳು. ಟೀಚರ್ ಮೂಲೆಯಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು, ಕೇಳಿದರೆ ಮಾತ್ರ ನೆರವಾಗುತ್ತಿದ್ದಳು.

ಒಂದು ಗುರುವಾರ ಪಾಸ್ಟರ್ ಅವಳ ಮೂಲಕ ಕೇಳಿದರು, 'ಇರಬಹುದು' ಎನ್ನುವುದಕ್ಕೆ ಸನ್ನೆ ಯಾವುದು.

ಚಿಕ್ಕಮ್ಮ ಹೊಲಿಗೆ ನಿಲ್ಲಿಸಿದಳು. "ಅದಕ್ಕೆ ನಾಲ್ಕಿವೆ. ಬಹುಪಾಲು ಹೌದು ಅನ್ನೋ ಇರಬಹುದು. ಬಹುಪಾಲು ಇಲ್ಲ ಅನ್ನೋ ಇರಬಹುದು. ಎರಡೂ ಸಮ ಅನ್ನೋದು ಒಂದು. ನನಗೆ ಗೊತ್ತಿಲ್ಲ, ಹೇಳೋಕೆ ನಾಚಿಕೆ ಅನ್ನೋದು ನಾಲ್ಕನೇದು. ಅವನಿಗೆ ಯಾವ್ದು ಬೇಕಂತೆ?"

ಟೀಚರ್ ಕೇಳಿದಳು. ಪಾಸ್ಟರ್ ಯೋಚಿಸಿ, ನಾಲ್ಕನ್ನೂ ಕಲಿಯುತ್ತೇನೆ ಎಂದರು. ಮೂರನ್ನು ಅವರು ಅಂದೇ ಕಲಿತರು. ಎರಡೂ ಸಮ ಎನ್ನುವುದೊಂದು ಉಳಿಯಿತು. ಅದರಲ್ಲಿ ಕೈಗಳೆರಡೂ ಒಂದೇ ಮಟ್ಟದಲ್ಲಿ ನಿಲ್ಲಬೇಕು, ಅವರ ಬಲಗೈ ಪ್ರತಿ ಸಲವೂ ಒಂದಿಷ್ಟು ಮೇಲೆ ಹೋಗುತ್ತಿತ್ತು. ಚಿಕ್ಕಮ್ಮ ಎದ್ದು ಹೋಗಿ ಅವರ ಎರಡೂ ಮೊಣಕೈಗಳ ಕೆಳಗೆ ಬಟ್ಟೆಯ ಒಂದೊಂದು ಸುರುಳಿ ಇಟ್ಟು, ಇನ್ನೊಮ್ಮೆ ಎಂದಳು.